ಪೋಕರ್: ರಾಜನ ಜೋಡಿ ಕೈಯಲ್ಲಿರುವಾಗ ರಿವರ್‌ನಲ್ಲಿ (ಕೊನೆಯ ಎಲೆಯ ಸುತ್ತಿನಲ್ಲಿ) ದೊಡ್ಡ ಬೆಟ್ ಬಂದರೆ: ಅಷ್ಟೇ ಹಣ ಕೊಟ್ಟು ಕಾಲ್ ಮಾಡುವುದೋ, ಎಲೆ ಕೆಳಗಿಡುವುದೋ?

ಕಾಳಿ ಅಳಿವೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಪಣಜಿಯಲ್ಲಿ ಆಡಿದ ಪೋಕರ್‌ನ ಒಂದು ಕೈ ಇನ್ನೂ ತಲೆಯಿಂದ ಇಳಿದಿಲ್ಲ. ಕಾರವಾರದಿಂದ ಮಾಜಾಳಿ ದಾಟಿ ಹೋದರೆ ಮಾಂಡೋವಿ ನದಿಯ ಕ್ಯಾಸಿನೋ ಹಡಗುಗಳಿಗೆ ನೂರು ಕಿಲೋಮೀಟರಿನ ಆಸುಪಾಸು. ವರ್ಷಕ್ಕೆ ನಾಲ್ಕೈದು ಸಲ, ಖರ್ಚಿಗೆಂದು ಬೇರೆಯಾಗಿ ತೆಗೆದಿಟ್ಟ ಹಣ ಮಾತ್ರ ಹಿಡಿದುಕೊಂಡು ಹೋಗುತ್ತೇನೆ. ಬಹಳ ಒಳ್ಳೆಯ ಎಲೆ ಬಂದಾಗ ನನಗೆ ತೊಂದರೆಯಿಲ್ಲ, ಕೆಟ್ಟ ಎಲೆಯನ್ನು ಎಸೆಯುವುದಕ್ಕೂ ಕಷ್ಟವಿಲ್ಲ. ಗೆಲ್ಲಲೂಬಹುದು, ಸೋಲಲೂಬಹುದು ಎನ್ನುವಂಥ ಮಧ್ಯಮ ಎಲೆ ಬಂದಾಗ ಮಾತ್ರ ನಾನು ಕೈಕಾಲು ಕಟ್ಟಿದವನಂತಾಗುತ್ತೇನೆ.

ಕೈ ಹೀಗಿತ್ತು. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಹಣ) 100 ಮತ್ತು 200. ನಮ್ಮಿಬ್ಬರ ಮುಂದೆಯೂ ಸುಮಾರು 40,000ದಷ್ಟು ಚಿಪ್ಪುಗಳಿದ್ದವು. ಇಬ್ಬರು ಬರೀ 200 ಹಾಕಿ ಒಳಗೆ ಬಂದರು. ನಾನು ಬಟನ್‌ನಲ್ಲಿದ್ದೆ (ಮೇಜಿನ ಎಲೆ ಬಿದ್ದ ಮೇಲೆ ಕೊನೆಯವನಾಗಿ ಆಡುವ ಜಾಗ), ಕೈಯಲ್ಲಿ ಆಟೀನಿನ ರಾಜ ಮತ್ತು ಆಟೀನಿನ ಗುಲಾಮ. 1,000ಕ್ಕೆ ಏರಿಸಿದೆ. ಬ್ಲೈಂಡ್‌ನವರಿಬ್ಬರೂ ಬಿಟ್ಟರು, ಒಳಗೆ ಬಂದಿದ್ದ ಇಬ್ಬರಲ್ಲಿ ಒಬ್ಬರು ಬಿಟ್ಟರು, ಇನ್ನೊಬ್ಬರು ಕಾಲ್ ಮಾಡಿದರು. ಪಾಟ್ (ನಡುವೆ ಸೇರಿದ ಒಟ್ಟು ಹಣ) 2,500 ಆಯಿತು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಇಸ್ಪೀಟಿನ ರಾಜ, ಡೈಮನ್ ಎಂಟು, ಇಸ್ಪೀಟಿನ ನಾಲ್ಕು ಬಿದ್ದವು. ಅವರು ಚೆಕ್ ಮಾಡಿದರು (ಹಣ ಹಾಕದೆ ಸುಮ್ಮನಿದ್ದರು), ನಾನು 1,500 ಹಾಕಿದೆ, ಅವರು ಕಾಲ್. ಪಾಟ್ 5,500. ಟರ್ನ್‌ನಲ್ಲಿ, ಅಂದರೆ ನಾಲ್ಕನೆಯ ಎಲೆಯಾಗಿ, ಕಳಾವರ್ ಏಳು. ಅವರು ಮತ್ತೆ ಚೆಕ್, ನಾನು 3,000, ಅವರು ಕಾಲ್. ಪಾಟ್ 11,500. ರಿವರ್‌ನಲ್ಲಿ ಡೈಮನ್ ಎರಡು ಬಿತ್ತು. ಅದು ಯಾರಿಗೂ ಸಹಾಯ ಮಾಡದ ಎಲೆಯೆಂದೇ ನನಗೆ ಕಂಡಿತು. ಆಗ ಅಲ್ಲಿಯವರೆಗೆ ಬರೀ ಚೆಕ್ ಮತ್ತು ಕಾಲ್ ಮಾಡುತ್ತಿದ್ದ ಅವರು ತಾವಾಗಿಯೇ ಮುಂದೆ ಬಂದು 8,000 ಹಾಕಿದರು.

ಎದುರಾಳಿ ಅರವತ್ತು ದಾಟಿದ ಸೌಮ್ಯ ವ್ಯಕ್ತಿ. ಮೂರು ಗಂಟೆಗಳಲ್ಲಿ ಅವರು ಏರಿಸಿದ್ದನ್ನು ನಾನು ನೋಡಿದ್ದು ಎರಡೇ ಸಲ. ಸಾವಿರ ಬೆಲೆಯ ಎಂಟು ಚಿಪ್ಪುಗಳನ್ನು ಒಂದರ ಮೇಲೊಂದು ಇಟ್ಟು, ಅಂಚುಗಳನ್ನು ಬೆರಳಿನಿಂದ ಸರಿಪಡಿಸಿ, ಇಡೀ ಗೋಪುರವನ್ನು ಮುಂದಕ್ಕೆ ತಳ್ಳಿ, ಅಂಗೈಯನ್ನು ತಮ್ಮ ಎರಡು ಎಲೆಗಳ ಮೇಲೆ ಇಟ್ಟು ಕುಳಿತರು. ನಾನು ಏನು ಮಾಡಿದೆ, ಅವರ ಬಳಿ ಏನಿತ್ತು ಎಂಬುದನ್ನು ಈಗಲೇ ಹೇಳುವುದಿಲ್ಲ. ಅದು ತಿಳಿದರೆ ಎಲ್ಲರ ಯೋಚನೆಯೂ ಆ ಕಡೆಗೇ ವಾಲುತ್ತದೆ. ನೀವು ಆ ಕುರ್ಚಿಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಯಾವ ಕಾರಣಕ್ಕೆ?

ಬನವಾಸಿ ದಾರಿ (ಶಿರಸಿ)

ನಾನಾಗಿದ್ದರೆ ಎಲೆ ಇಡುತ್ತಿದ್ದೆ. ನಮ್ಮ ಕಡೆ ಜಗಲಿಯ ಮೇಲೆ ಇಸ್ಪೀಟು ನೋಡಿಕೊಂಡೇ ಬೆಳೆದವರಿಗೆ ಇಂಥ ಹಿರಿಯರ ಪರಿಚಯ ಚೆನ್ನಾಗಿರುತ್ತದೆ. ಊಟದ ನಂತರ ಸಂಜೆಯವರೆಗೆ ಆಡಿದರೂ ಸುಮ್ಮನೆ ಒಂದು ಎಲೆ ಎತ್ತಿ ಹಾಕದ ಜನ ಅವರು. ಆಟ ಬೇರೆಯಾದರೂ ಸ್ವಭಾವ ಅದೇ. ಎರಡು ಸುತ್ತು ಸುಮ್ಮನಿದ್ದು ಮೂರನೆಯ ಸುತ್ತಿನಲ್ಲಿ ತಾವಾಗಿಯೇ ದೊಡ್ಡ ಮೊತ್ತ ಹಾಕಿದರೆಂದರೆ, ಇದನ್ನು ನಾನು ಸೋಲಲಾರೆ ಎಂದು ಅವರೇ ಹೇಳಿದಂತೆ.

ಲೆಕ್ಕವೂ ನಿಮ್ಮ ಪರವಾಗಿಲ್ಲ. ಅವರು ಹಾಕಿದ ಮೇಲೆ ಪಾಟ್‌ನಲ್ಲಿ 19,500 ಇದೆ, ನೀವು ಕೊಡಬೇಕಾದದ್ದು 8,000. ಅಂದರೆ ನೂರಕ್ಕೆ ನಲವತ್ತೊಂದು ಸಲ ಗೆದ್ದರೆ ಮಾತ್ರ ಲಾಭ. ರಾಜನ ಜೋಡಿಗೆ, ಅದೂ ಜೊತೆಗೆ ಗುಲಾಮ ಮಾತ್ರ ಇರುವಾಗ, ಅಷ್ಟು ಬಲ ಎಲ್ಲಿಂದ ಬರಬೇಕು?

ಕುಮಟೆಯ ಲೆಕ್ಕ (ಕುಮಟಾ)

ಶಿರಸಿಯವರ ತೀರ್ಮಾನದ ಬಗ್ಗೆ ಆಮೇಲೆ ಬರೆಯುತ್ತೇನೆ, ಮೊದಲು ಅವರ ಲೆಕ್ಕವನ್ನು ತಿದ್ದಬೇಕಾಗಿದೆ, ಏಕೆಂದರೆ ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ನಾವು ಕೊಡುವ 8,000ವೂ ಪಾಟ್‌ಗೆ ಸೇರುತ್ತದೆ, ಗೆದ್ದರೆ ಅದು ನಮಗೇ ಮರಳಿ ಬರುತ್ತದೆ. ಆದ್ದರಿಂದ 8,000ವನ್ನು ಭಾಗಿಸಬೇಕಾದದ್ದು 19,500ರಿಂದಲ್ಲ, 27,500ರಿಂದ. ಉತ್ತರ ಶೇಕಡಾ 29. ಬೇರೆ ಮಾತಿನಲ್ಲಿ ಹೇಳುವುದಾದರೆ, ಹತ್ತು ಸಲದಲ್ಲಿ ಏಳು ಸಲ ಸೋತು ಮೂರು ಸಲ ಗೆದ್ದರೂ ಕಾಲ್ ಮಾಡಿದವನಿಗೆ ನಷ್ಟವಿಲ್ಲ. ಶೇಕಡಾ 41 ಎಂಬ ಸಂಖ್ಯೆಗೂ ಒಂದು ಅರ್ಥವಿದೆ, ಆದರೆ ಅದು ಎದುರಾಳಿಗೆ ಸೇರಿದ್ದು. ಅವರು ಬರೀ ಬ್ಲಫ್ (ಗೆಲ್ಲದ ಎಲೆ ಹಿಡಿದು ಹೆದರಿಸಲು ಹಾಕುವ ಬೆಟ್) ಮಾಡುತ್ತಿದ್ದರೆ ನಾವು ನೂರರಲ್ಲಿ 41 ಸಲ ಎಲೆ ಇಟ್ಟರೆ ಅವರ ಬ್ಲಫ್ ಖರ್ಚು ವಸೂಲಾಗುತ್ತದೆ. ಈ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿಕೊಂಡು, ಕೊಡಬೇಕಾದ ಬೆಲೆ ಇರುವುದಕ್ಕಿಂತ ದುಬಾರಿ ಎಂದು ನಂಬಿ ಎಲೆ ಇಡುವವರನ್ನು ನಾನು ಕಂಡಿದ್ದೇನೆ.

ಕೆಲವು ಬೆಲೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮೇಜಿನ ಮೇಲೆ ಭಾಗಾಕಾರ ಮಾಡುತ್ತಾ ಕೂರಲಾಗುವುದಿಲ್ಲ. ಎದುರಾಳಿ ಪಾಟ್‌ನ ಮೂರನೆಯ ಒಂದು ಭಾಗ ಹಾಕಿದರೆ ನಮಗೆ ಶೇಕಡಾ 20 ಸಾಕು, ಅರ್ಧ ಹಾಕಿದರೆ 25, ಮುಕ್ಕಾಲು ಹಾಕಿದರೆ 30, ಪೂರ್ತಿ ಪಾಟ್ ಹಾಕಿದರೆ 33, ಪಾಟ್‌ನ ಎರಡರಷ್ಟು ಹಾಕಿದರೆ 40. ಬೆಟ್ ಎಷ್ಟೇ ದೊಡ್ಡದಾದರೂ ಇದು 50ನ್ನು ಮುಟ್ಟುವುದಿಲ್ಲ. ಹಡಗಿನ ಕ್ಯಾಸಿನೋದವರು ಪಾಟ್‌ನಿಂದ ತಮ್ಮ ಪಾಲನ್ನು (ರೇಕ್) ತೆಗೆಯುತ್ತಾರೆ ಎಂಬುದನ್ನೂ ಸೇರಿಸಿಕೊಳ್ಳಿ. ಮೇಲ್ಮಿತಿಯಿಲ್ಲದೆ ಶೇಕಡಾ 5 ತೆಗೆದರು ಎಂದಿಟ್ಟುಕೊಂಡರೆ 27,500ರಲ್ಲಿ 1,375 ಹೋಗುತ್ತದೆ, ಆಗ ಬೇಕಾದದ್ದು ಶೇಕಡಾ 29ರಿಂದ 30.6ಕ್ಕೆ ಏರುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಮಧ್ಯಮ ಎಲೆಯ ಲಾಭನಷ್ಟ ನಿಲ್ಲುವುದು ಇಂಥ ಸಣ್ಣ ಅಂಚಿನ ಮೇಲೆಯೇ.

ಬನವಾಸಿ ದಾರಿ (ಶಿರಸಿ)

ತಪ್ಪು ಒಪ್ಪಿಕೊಂಡೆ, ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ವರ್ಷ ಈ ಲೆಕ್ಕವನ್ನು ತಪ್ಪಾಗಿಯೇ ಮಾಡುತ್ತಿದ್ದೆ ಎಂದು ಈಗ ಗೊತ್ತಾಯಿತು. ಆದರೂ ಎಲೆ ಇಡುತ್ತೇನೆ ಎಂಬ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಆ ವ್ಯಕ್ತಿ ಶೇಕಡಾ 29ರಷ್ಟು ಸಲವೂ ಸುಳ್ಳು ಬೆಟ್ ಹಾಕುವವರಲ್ಲ.

ಅಂಕೋಲೆಯ ಹೊಸಬ (ಅಂಕೋಲಾ)

ನನ್ನದು ಬೇರೆ ಅಭಿಪ್ರಾಯ. ನಾನು ಆನ್‌ಲೈನ್‌ನಲ್ಲಿ ಕಲಿತವನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ನನ್ನಂಥವರಿಗೆ ಉಳಿದದ್ದು ಎದುರುಬದುರು ಕುಳಿತು ಆಡುವ ಮೇಜು ಮಾತ್ರ. ಅಲ್ಲಿ ಕಲಿತ ಪಾಠವೆಂದರೆ, 11,500ರ ಪಾಟ್‌ಗೆ 8,000 ಬಂದಾಗ ನಮ್ಮ ಕೈಯಲ್ಲಿ ಇರಬಹುದಾದ ಎಲ್ಲ ಎಲೆಗಳಲ್ಲಿ ಶೇಕಡಾ 59ರಷ್ಟನ್ನಾದರೂ ಕೆಳಗಿಡದೆ ಆಡಬೇಕು, ಇಲ್ಲವಾದರೆ ಎದುರಾಳಿ ಯಾವ ಎರಡು ಎಲೆ ಹಿಡಿದರೂ ನಮ್ಮನ್ನು ಓಡಿಸಬಹುದು. ರಾಜ-ಗುಲಾಮ ಎಂದರೆ ಮೇಜಿನ ಅತಿ ಎತ್ತರದ ಜೋಡಿ. ಅದನ್ನೇ ಎಸೆದರೆ ಇನ್ನೇನನ್ನು ಇಟ್ಟುಕೊಳ್ಳುವುದು?

ಇನ್ನೊಂದು ಮಾತು. ಕಾಲ್ ಮಾಡಿ ಸುಮ್ಮನಿದ್ದವರು ಮುಂದಿನ ಸುತ್ತಿನಲ್ಲಿ ತಾವೇ ಬೆಟ್ ಹಾಕುವುದು ಅನನುಭವಿಗಳ ತಪ್ಪು ಎಂದು ಹಿಂದೆ ಹೇಳುತ್ತಿದ್ದರು. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು ರೂಪಿಸಿದ ಪ್ಲೂರಿಬಸ್ ಎಂಬ ಯಂತ್ರ ಆರು ಜನರ ಮೇಜಿನಲ್ಲಿ ವೃತ್ತಿಪರರನ್ನು ಸೋಲಿಸಿತು. ಅದು ಇದೇ ನಡೆಯನ್ನು ಮನುಷ್ಯ ವೃತ್ತಿಪರರಿಗಿಂತ ಬಹಳ ಹೆಚ್ಚು ಸಲ ಬಳಸುತ್ತಿತ್ತು. ಆದ್ದರಿಂದ ತಾನಾಗಿಯೇ ಮುಂದೆ ಬಂದ ಬೆಟ್ ಎಂದರೆ ಬಲವಾದ ಎಲೆ ಎಂದು ಕಣ್ಣುಮುಚ್ಚಿ ನಂಬಲು ನಾನು ತಯಾರಿಲ್ಲ.

ಕುಮಟೆಯ ಲೆಕ್ಕ (ಕುಮಟಾ)

ಅಂಕೋಲೆಯವರು ಹೇಳಿದ ಎರಡೂ ಸಂಗತಿಗಳು ಸರಿ, ಆದರೆ ಈ ಕುರ್ಚಿಗೆ ಎರಡೂ ಹೊಂದುವುದಿಲ್ಲ ಎಂದು ನನಗನ್ನಿಸುತ್ತದೆ. ಶೇಕಡಾ 59 ಎಂಬುದು ಎದುರಾಳಿಯ ಬಗ್ಗೆ ಏನೂ ಗೊತ್ತಿಲ್ಲದಿರುವಾಗ, ಅವನು ನಮ್ಮ ದೌರ್ಬಲ್ಯವನ್ನು ಹುಡುಕಿ ಹೊಡೆಯುತ್ತಾನೆ ಎಂಬ ಭಯವಿರುವಾಗ ಹಿಡಿಯುವ ಗುರಾಣಿ. ಮೂರು ಗಂಟೆಯಲ್ಲಿ ಎರಡು ಸಲ ಮಾತ್ರ ಏರಿಸಿದ ಹಿರಿಯರು ನಮ್ಮ ದೌರ್ಬಲ್ಯ ಹುಡುಕುತ್ತಾ ಕುಳಿತಿರಲಿಲ್ಲ. ಇನ್ನು ಪ್ಲೂರಿಬಸ್ ಹಾಗೆ ಬೆಟ್ ಹಾಕುವಾಗ ಒಳ್ಳೆಯ ಎಲೆಯ ಜೊತೆಗೆ ತಕ್ಕಷ್ಟು ಕೆಟ್ಟ ಎಲೆಯನ್ನೂ ಬೆರೆಸುತ್ತಿತ್ತು. ಆ ಬೆರಕೆ ಇದ್ದಾಗ ಮಾತ್ರ ನಮ್ಮ ಮಧ್ಯಮ ಎಲೆಗೆ ಬೆಲೆ ಬರುವುದು. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪೋಕರನ್ನು ಸರಳಗೊಳಿಸಿ ಗಣಿತಕ್ಕೆ ಇಳಿಸಿದಾಗಲೂ ಕಂಡದ್ದು ಇದೇ: ಬೆಟ್ ಹಾಕಬೇಕಾದದ್ದು ಅತಿ ಒಳ್ಳೆಯ ಎಲೆಗಳಿಂದ ಮತ್ತು ಅತಿ ಕೆಟ್ಟ ಎಲೆಗಳಿಂದ, ನಡುವಿನವು ಚೆಕ್ ಮಾಡಿ ಸುಮ್ಮನಿರಬೇಕು. ಹಾಗಾಗಿ ರಿವರ್‌ನಲ್ಲಿ ದೊಡ್ಡ ಬೆಟ್ ಎದುರಾದಾಗ ರಾಜ-ಗುಲಾಮವಾದರೇನು, ರಾಜ-ಹತ್ತಾದರೇನು, ಹೆಚ್ಚು ಕಡಿಮೆ ಒಂದೇ. ಎರಡೂ ಒಳ್ಳೆಯ ಎಲೆಗೆ ಸೋಲುತ್ತವೆ, ಎರಡೂ ಬ್ಲಫ್ ಅನ್ನು ಗೆಲ್ಲುತ್ತವೆ. ನಮ್ಮ ಎಲೆ ಎಷ್ಟು ಚೆನ್ನಾಗಿದೆ ಎಂದು ನೋಡುತ್ತಾ ಕೂರುವುದರಲ್ಲಿ ಪ್ರಯೋಜನವಿಲ್ಲ, ಅವರ ಬಳಿ ಬ್ಲಫ್ ಎಷ್ಟಿದೆ ಎಂದು ಎಣಿಸಬೇಕು.

ಎಣಿಸೋಣ. ಕಾರವಾರದವರನ್ನು ಸೋಲಿಸಿ, ಈ ರೀತಿ ಬೆಟ್ ಹಾಕಬಲ್ಲ ಎಲೆಗಳು ಮುಖ್ಯವಾಗಿ ಯಾವುವು? ಕೈಯಲ್ಲೇ ಎಂಟರ ಜೋಡಿ (ಮೇಜಿನದೂ ಸೇರಿ ಮೂರು ಎಂಟು) ಮೂರು ಬಗೆಯಲ್ಲಿ ಬರಬಹುದು, ನಾಲ್ಕರ ಜೋಡಿ ಮೂರು, ಏಳರ ಜೋಡಿ ಮೂರು, ಒಟ್ಟು ಒಂಬತ್ತು. ಒಂದೇ ಬಣ್ಣದ (ಎರಡೂ ಒಂದೇ ಗುರುತಿನ) ರಾಜ-ಎಂಟು ಎಂದರೆ ಕಳಾವರಿನದೊಂದೇ ಸಾಧ್ಯ, ರಾಜ-ಏಳು ಎಂದರೆ ಡೈಮನ್‌ನದೊಂದೇ, ಹೀಗೆ ಎರಡು. ಆರು-ಐದು ಇದ್ದವರಿಗೆ ಟರ್ನ್‌ನಲ್ಲಿ ನಾಲ್ಕರಿಂದ ಎಂಟರವರೆಗೆ ಸಾಲು ಆಗಿದೆ. ಒಂದೇ ಬಣ್ಣದ ಆರು-ಐದು ನಾಲ್ಕು ಬಗೆ, ಫ್ಲಾಪ್‌ನಲ್ಲಿ 1,500 ಕೊಟ್ಟು ಉಳಿದಿರಬಹುದಾದವು ಎರಡು ಎಂದು ಹಿಡಿಯುತ್ತೇನೆ. ಒಟ್ಟು ಹದಿಮೂರು. ರಾಜ-ರಾಣಿಯೂ ನಮ್ಮನ್ನು ಸೋಲಿಸುತ್ತದೆ, ಎಂಟು ಬಗೆ ಇದೆ, ಆದರೆ ಅಂಥ ಎಲೆಯಿಂದ ಆ ಸ್ವಭಾವದವರು ಚೆಕ್ ಮಾಡುತ್ತಾರೆಯೇ ಹೊರತು 8,000 ಹಾಕುವುದಿಲ್ಲ. ಎಕ್ಕ-ರಾಜ ಇದ್ದರೆ ಮೊದಲೇ ಏರಿಸುತ್ತಿದ್ದರು.

ಬ್ಲಫ್ ಯಾವುವು? ಇಸ್ಪೀಟಿನ ಎರಡು ಎಲೆ ಹಿಡಿದು, ಮೇಜಿನ ಎರಡರ ಜೊತೆ ಐದನೆಯ ಇಸ್ಪೀಟಿಗೆ ಕಾದು ತಪ್ಪಿಸಿಕೊಂಡವು. ಇಸ್ಪೀಟಿನ ಎಕ್ಕದ ಜೊತೆ ರಾಣಿ, ಗುಲಾಮ, ಹತ್ತು, ಒಂಬತ್ತು, ಆರು, ಐದು, ಮೂರು, ಹೀಗೆ ಏಳು. ಎಕ್ಕವಿಲ್ಲದೆ ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, ಗುಲಾಮ-ಒಂಬತ್ತು, ಹತ್ತು-ಒಂಬತ್ತು, ಹೀಗೆ ಐದು. ಒಟ್ಟು ಹನ್ನೆರಡು. ಎಲ್ಲ ಹನ್ನೆರಡರಿಂದಲೂ ಅವರು ಬೆಟ್ ಹಾಕುವವರಾಗಿದ್ದರೆ ಇಪ್ಪತ್ತೈದರಲ್ಲಿ ಹನ್ನೆರಡು ಸಲ ನಾವು ಗೆಲ್ಲುತ್ತೇವೆ, ಕಣ್ಣುಮುಚ್ಚಿ ಕಾಲ್ ಮಾಡಬಹುದು. ಶೇಕಡಾ 29 ಮುಟ್ಟಲು ಹದಿಮೂರು ಒಳ್ಳೆಯ ಎಲೆಗಳ ಎದುರು ಐದಕ್ಕಿಂತ ಸ್ವಲ್ಪ ಹೆಚ್ಚು ಬ್ಲಫ್ ಬೇಕು. ಅಂದರೆ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ಆ ಹಿರಿಯರು ಇಸ್ಪೀಟು ತಪ್ಪಿಸಿಕೊಂಡ ಪ್ರತಿ ಎರಡು ಸಲದಲ್ಲಿ ಹೆಚ್ಚು ಕಡಿಮೆ ಒಂದು ಸಲ 8,000 ರೂಪಾಯಿಯನ್ನು ಸುಳ್ಳಿಗೆ ಒಡ್ಡುವವರೇ? ಆರರಲ್ಲಿ ಒಂದು ಸಲ ಒಡ್ಡುವವರಾದರೆ ಹದಿನೈದರಲ್ಲಿ ಎರಡು ಗೆಲುವು, ಅದು ಶೇಕಡಾ 13. ನನ್ನ ಉತ್ತರವೂ ಶಿರಸಿಯವರದೇ: ಎಲೆ ಇಡಬೇಕು. ಆದರೆ ಅವರು ಹೇಳಿದ ಕಾರಣವನ್ನು ಸಂಖ್ಯೆಯ ಒರೆಗೆ ಹಚ್ಚಿದ ಮೇಲೆ ಇಡಬೇಕು.

ಶರಾವತಿ ದಡ (ಹೊನ್ನಾವರ)

ಕುಮಟೆಯವರ ಎಣಿಕೆಯನ್ನು ಮೂರು ಸಲ ಓದಿದೆ. ಒಂದು ಸಂಶಯ. ಕಾರವಾರದವರ ಕೈಯಲ್ಲಿದ್ದದ್ದು ಆಟೀನಿನ ಗುಲಾಮ. ಅದು ಇಸ್ಪೀಟಿನ ಗುಲಾಮವಾಗಿದ್ದಿದ್ದರೆ ಲೆಕ್ಕ ಬದಲಾಗುತ್ತಿತ್ತೇ?

ಕುಮಟೆಯ ಲೆಕ್ಕ (ಕುಮಟಾ)

ಖಂಡಿತ ಬದಲಾಗುತ್ತಿತ್ತು. ನನ್ನ ಪಟ್ಟಿಯ ಹನ್ನೆರಡರಲ್ಲಿ ನಾಲ್ಕಕ್ಕೆ ಇಸ್ಪೀಟಿನ ಗುಲಾಮ ಬೇಕು, ಅದು ನಮ್ಮ ಕೈಯಲ್ಲಿದ್ದರೆ ಆ ನಾಲ್ಕೂ ಇಲ್ಲವಾಗುತ್ತವೆ. ಉಳಿದ ಎಂಟರಲ್ಲಿ ಐದಕ್ಕಿಂತ ಹೆಚ್ಚು ಸಲ ಅವರು ಬ್ಲಫ್ ಮಾಡಬೇಕಾಗುತ್ತದೆ. ಎರಡರಲ್ಲೊಂದು ಸಲ ಎಂಬುದು ಮೂರರಲ್ಲಿ ಎರಡು ಸಲ ಎಂದಾಗುತ್ತದೆ. ತಪ್ಪಿಹೋದ ಬಣ್ಣದ ಎಲೆ ನಮ್ಮ ಕೈಯಲ್ಲಿ ಇದ್ದರೆ ಧೈರ್ಯ ಬರುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ತಲೆಕೆಳಗಾದ ಯೋಚನೆ. ಆ ಎಲೆ ನಮ್ಮಲ್ಲಿ ಇಲ್ಲದಿದ್ದಾಗಲೇ ಅದು ಎದುರಾಳಿಯಲ್ಲಿರುವ ಸಾಧ್ಯತೆ ಹೆಚ್ಚು.

ಶರಾವತಿ ದಡ (ಹೊನ್ನಾವರ)

ಧನ್ಯವಾದ. ಈಗ ನನ್ನ ಮಾತು. ನಮ್ಮ ಮನೆಯಲ್ಲಿ ಪ್ರತಿ ತಿಂಗಳ ಎರಡನೆಯ ಶನಿವಾರ ಏಳೆಂಟು ಮಂದಿ ಸೇರಿ ಆಡುತ್ತೇವೆ, ಹಣವಿಲ್ಲ, ಚಿಪ್ಪು ಕಳೆದುಕೊಂಡವರು ಮುಂದಿನ ತಿಂಗಳ ಊಟ ಮಾಡಿಸಬೇಕು. ಹತ್ತು ವರ್ಷದಿಂದ ಅದೇ ಜನ. ಅಲ್ಲಿ ಯಾರು ತಪ್ಪಿದ ಎಲೆಯಿಂದ ಬೆಟ್ ಹಾಕುತ್ತಾರೆ, ಯಾರು ಜನ್ಮದಲ್ಲಿ ಹಾಕುವುದಿಲ್ಲ ಎಂಬುದು ನನಗೆ ಅವರ ಚಹಾದಲ್ಲಿ ಎಷ್ಟು ಸಕ್ಕರೆ ಬೇಕೆಂಬಷ್ಟೇ ಚೆನ್ನಾಗಿ ಗೊತ್ತಿದೆ. ಅಲ್ಲಿ ಇದೇ ರಾಜ-ಗುಲಾಮದಿಂದ ಒಬ್ಬರ ಎದುರು ಯೋಚಿಸದೆ ಕಾಲ್ ಮಾಡುತ್ತೇನೆ, ಅವರ ಪಕ್ಕದಲ್ಲಿ ಕುಳಿತವರ ಎದುರು ಅಷ್ಟೇ ಬೇಗ ಎಲೆ ಇಡುತ್ತೇನೆ.

ಪಣಜಿಯ ಹಡಗಿನಲ್ಲಿ ಆ ಅನುಕೂಲವಿಲ್ಲ. 2020ರಿಂದ ಗೋವಾದ ನಿವಾಸಿಗಳಿಗೆ ಕ್ಯಾಸಿನೋ ಮೇಜುಗಳಿಗೆ ಪ್ರವೇಶವಿಲ್ಲ, ಅಲ್ಲಿ ಕುಳಿತಿರುವವರೆಲ್ಲ ನಮ್ಮ ಹಾಗೆ ಹೊರಗಿನಿಂದ ಬಂದವರು, ಹೆಚ್ಚಿನವರನ್ನು ನಾವು ಇನ್ನೊಮ್ಮೆ ನೋಡುವುದಿಲ್ಲ. ಆದ್ದರಿಂದ ಅಲ್ಲಿ ವ್ಯಕ್ತಿಯನ್ನಲ್ಲ, ವ್ಯಕ್ತಿಯ ಬಗೆಯನ್ನು ಓದಬೇಕಾಗುತ್ತದೆ. ರಜೆಗೆಂದು ಗೆಳೆಯರೊಡನೆ ಬಂದು ಒಂದೇ ರಾತ್ರಿ ಆಡಿ ಹೋಗುವ ಯುವಕ ಎಲೆ ಇಡಲು ಬಂದವನಲ್ಲ, ಅವನು ಕಾಲ್ ಹೆಚ್ಚು ಮಾಡುತ್ತಾನೆ, ಬ್ಲಫ್ ಕೂಡ ಸ್ವಲ್ಪ ಮಾಡುತ್ತಾನೆ. ತನ್ನ ಚಿಪ್ಪುಗಳನ್ನು ಬಣ್ಣವಾರು ಜೋಡಿಸಿಟ್ಟುಕೊಂಡು ಗಂಟೆಗಟ್ಟಲೆ ಎಲೆ ಇಡುತ್ತಾ ಕುಳಿತಿರುವ ಹಿರಿಯರದು ಬೇರೆಯೇ ಸ್ವಭಾವ. ಗೋಪುರದ ಅಂಚನ್ನು ಬೆರಳಿನಿಂದ ಸರಿಪಡಿಸಿದರು ಎಂದು ನೀವು ಬರೆದಿದ್ದೀರಿ. ಕೈ ನಡುಗಿತೇ, ಉಸಿರು ಬಿಗಿಹಿಡಿದರೇ ಎಂಬುದಕ್ಕಿಂತ ನನಗೆ ಆ ನಿಧಾನವೇ ಹೆಚ್ಚು ಹೇಳುತ್ತದೆ. ಆದರೂ ಮೂರು ಗಂಟೆಯಲ್ಲಿ ಅವರು ಏನು ಮಾಡಿದರು ಎಂಬುದರ ಮುಂದೆ ಆ ಒಂದು ಕ್ಷಣದ ಭಂಗಿ ಸಣ್ಣ ಸಾಕ್ಷಿ. ಭಂಗಿಯನ್ನೇ ನಂಬಿ ಲೆಕ್ಕ ಬಿಟ್ಟವರು ಸೋತದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಕಾಳಿ ಅಳಿವೆ (ಕಾರವಾರ)

ಈಗ ಹೇಳುತ್ತೇನೆ. ನಾನು ಕಾಲ್ ಮಾಡಿದೆ. ಅವರು ಆಟೀನಿನ ಏಳು ಮತ್ತು ಡೈಮನ್ ಏಳನ್ನು ಮಗುಚಿದರು. ಟರ್ನ್‌ನಲ್ಲಿಯೇ ಮೂರು ಏಳು ಆಗಿತ್ತು. ಒಟ್ಟು 13,500 ಹೋಯಿತು.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಆ ಅರ್ಧ ನಿಮಿಷದಲ್ಲಿ ನಾನು ಏನನ್ನು ಯೋಚಿಸಿದೆ ಎಂದು ಪ್ರಾಮಾಣಿಕವಾಗಿ ನೆನಪಿಸಿಕೊಂಡರೆ, ಯಾವ ಎಣಿಕೆಯೂ ಅಲ್ಲಿರಲಿಲ್ಲ. ಇಷ್ಟು ದೂರ ಬಂದೆ, 5,500 ಆಗಲೇ ಹಾಕಿದ್ದೇನೆ, ಎತ್ತರದ ಜೋಡಿ ಕೈಯಲ್ಲಿದೆ, ಈಗ ಬಿಟ್ಟರೆ ಅವರು ನಗಬಹುದು ಎಂಬ ಭಾವನೆಯೇ ಕೈಯನ್ನು ಮುಂದಕ್ಕೆ ತಳ್ಳಿತು. ಆ 5,500 ಆಗಲೇ ನನ್ನದಾಗಿರಲಿಲ್ಲ, ಪಾಟ್‌ಗೆ ಸೇರಿಹೋಗಿತ್ತು. ಅದು ಈಗ ಹೊಳೆಯುತ್ತದೆ, ಅಂದು ಹೊಳೆಯಲಿಲ್ಲ.

ಬನವಾಸಿ ದಾರಿ (ಶಿರಸಿ)

ಅವರು ಇಸ್ಪೀಟಿನ ಎಕ್ಕ-ರಾಣಿ ತೋರಿಸಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ ಎಂದು ದಯವಿಟ್ಟು ನಂಬಿ. ಒಂದು ಸಲ ಏನು ಕಂಡಿತು ಎಂಬುದರಿಂದ ನಿರ್ಧಾರದ ಸರಿತಪ್ಪು ತಿಳಿಯುವುದಿಲ್ಲ. ಶೇಕಡಾ 13ರ ಕಾಲ್ ಕೂಡ ಎಂಟು ಸಲದಲ್ಲಿ ಒಂದು ಸಲ ಗೆಲ್ಲುತ್ತದೆ. ಆ ಒಂದು ಗೆಲುವನ್ನು ನೆನಪಿಟ್ಟುಕೊಂಡವನು ಉಳಿದ ಏಳು ಸಲ ಸೋಲಲು ಮತ್ತೆ ಹೋಗಿ ಕೂರುತ್ತಾನೆ.

ನನಗೆ ಅನ್ನಿಸುವುದು, ನಿಮ್ಮ ಕಷ್ಟ ರಿವರ್‌ನಲ್ಲಿ ಶುರುವಾದದ್ದಲ್ಲ. ಟರ್ನ್‌ನಲ್ಲಿ 3,000 ಹಾಕುವಾಗಲೇ ಅವರು ಏರಿಸಿದರೆ ಏನು, ಕಾಲ್ ಮಾಡಿ ಮುಂದೆ ತಾವೇ ಬೆಟ್ ಹಾಕಿದರೆ ಏನು ಎಂದು ತೀರ್ಮಾನಿಸಿಕೊಂಡಿರಬೇಕಿತ್ತು. ನಿಮ್ಮ ಕರಾವಳಿಯ ಮೀನುಗಾರರು ಆಕಾಶ ನೋಡುವುದು ದೋಣಿ ನೀರಿಗಿಳಿಸುವ ಮೊದಲು, ಅಲೆಯ ನಡುವೆ ಹೋಗಿ ನಿಂತ ಮೇಲಲ್ಲ.

ಅಂಕೋಲೆಯ ಹೊಸಬ (ಅಂಕೋಲಾ)

ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಈ ವ್ಯಕ್ತಿಯ ಎದುರು ಎಲೆ ಇಡುವುದೇ ಸರಿ ಎಂದು ಎಣಿಕೆ ನೋಡಿದ ಮೇಲೆ ಒಪ್ಪುತ್ತೇನೆ. ಆದರೆ ಟರ್ನ್‌ನಲ್ಲಿ ಚೆಕ್ ಮಾಡಬೇಕಿತ್ತು ಎಂದು ಯಾರಾದರೂ ಹೇಳುವ ಮೊದಲೇ ನನ್ನ ವಿರೋಧವನ್ನು ದಾಖಲಿಸುತ್ತೇನೆ. ಇಸ್ಪೀಟಿಗೆ ಕಾದಿರುವವರಿಗೆ ಒಂಬತ್ತು ಎಲೆ ಉಳಿದಿರುತ್ತವೆ, ಕಾಣದ 46ರಲ್ಲಿ ಒಂಬತ್ತು ಎಂದರೆ ಹೆಚ್ಚು ಕಡಿಮೆ ಐದರಲ್ಲಿ ಒಂದು ಸಲ. ಅವರಿಗೆ ಪುಕ್ಕಟೆ ಎಲೆ ತೋರಿಸುವುದೇಕೆ? ರಾಜ-ಹತ್ತು, ರಾಜ-ಒಂಬತ್ತು, ಒಂಬತ್ತರ ಜೋಡಿ, ಹತ್ತರ ಜೋಡಿ, ಇವೆಲ್ಲ ಟರ್ನ್‌ನಲ್ಲಿ ಹಣ ಕೊಡುತ್ತವೆ. ಮಧ್ಯಮ ಎಲೆಯೆಂದು ಹೆದರಿ ಚೆಕ್ ಮಾಡುವವನು ರಿವರ್‌ನಲ್ಲಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚನ್ನು ಟರ್ನ್‌ನಲ್ಲಿ ಬಿಟ್ಟುಕೊಡುತ್ತಾನೆ.

ಶರಾವತಿ ದಡ (ಹೊನ್ನಾವರ)

ಇಬ್ಬರ ಮಾತಿನಲ್ಲೂ ಸತ್ಯವಿದೆ. ಸುಲಭವಾಗಿ ಎಲೆ ಇಡದವರ ಎದುರು ಟರ್ನ್‌ನಲ್ಲಿ ಬೆಟ್ ಹಾಕಿ, ರಿವರ್‌ನಲ್ಲಿ ಅವರು ತಾವಾಗಿಯೇ ದೊಡ್ಡದು ಹಾಕಿದರೆ ಎಲೆ ಇಡುವುದು ನನ್ನ ರೂಢಿ. ಅಂಥವರು ಸೋಲುವ ಎಲೆಯಿಂದ ಕಾಲ್ ಮಾಡಿ ಹಣ ಕೊಡುತ್ತಾರೆ, ಗೆಲ್ಲುವ ಎಲೆ ಬಂದಾಗ ಅವರೇ ಸೂಚನೆ ಕೊಡುತ್ತಾರೆ. ಹೀಗಾಗಿ ಟರ್ನ್‌ನಲ್ಲಿ ಬೆಟ್ ಹಾಕುವುದು ಮತ್ತು ರಿವರ್‌ನಲ್ಲಿ ಎಲೆ ಇಡುವುದು ಒಂದೇ ಯೋಜನೆಯ ಎರಡು ತುದಿಗಳು. ಟರ್ನ್‌ನಲ್ಲಿ ಹಾಕಿದೆನಲ್ಲ ಎಂದು ರಿವರ್‌ನಲ್ಲೂ ಕೊಟ್ಟರೆ ಮೊದಲ ತುದಿಯಲ್ಲಿ ಗಳಿಸಿದ್ದು ಎರಡನೆಯ ತುದಿಯಲ್ಲಿ ಸೋರಿಹೋಗುತ್ತದೆ. ಇನ್ನು ಬೆಟ್ಟಿನ ಮೇಲೆ ಬೆಟ್ಟು ಹಾಕುವ ಚುರುಕು ಆಟಗಾರನ ಎದುರು ಮಾತ್ರ ಟರ್ನ್‌ನಲ್ಲಿ ಚೆಕ್ ಮಾಡುತ್ತೇನೆ, ಏಕೆಂದರೆ ಅವನು ರಿವರ್‌ನಲ್ಲಿ ತಪ್ಪಿದ ಎಲೆಯಿಂದಲೂ ಹಾಕುತ್ತಾನೆ, ಪಾಟ್ ಚಿಕ್ಕದಿರುವುದರಿಂದ ಕಾಲ್ ಮಾಡುವುದೂ ಅಗ್ಗ.

ಮೂವರು ಇದ್ದಾಗಿನ ಕಥೆ ಬೇರೆ. ನಮ್ಮ ಹಿಂದೆ ಇನ್ನೊಬ್ಬರು ಮಾತನಾಡಲು ಬಾಕಿ ಇದ್ದರೆ ಮಧ್ಯಮ ಎಲೆಯಿಂದ ಕಾಲ್ ಮಾಡಲು ನಾನು ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಇಬ್ಬರು ನೋಡುತ್ತಿರುವಾಗ ಬ್ಲಫ್ ಮಾಡುವ ಧೈರ್ಯ ಕಡಿಮೆ ಜನರಿಗೆ ಇರುತ್ತದೆ.

ಕಾಳಿ ಅಳಿವೆ (ಕಾರವಾರ)

ಆರು ವಾರದ ನಂತರ ಈ ಎಳೆಗೆ ಮರಳಿದ್ದೇನೆ. ನಿಮ್ಮ ಮಾತುಗಳನ್ನು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡು ಕಳೆದ ಶನಿವಾರ ಮತ್ತೆ ಹೋಗಿದ್ದೆ. ಪ್ರತಿ ಬೆಟ್‌ಗೆ ಮೊದಲು, ಇದಕ್ಕೆ ಉತ್ತರ ಬಂದರೆ ಏನು ಮಾಡುತ್ತೇನೆ ಎಂದು ಮನಸ್ಸಿನಲ್ಲಿಯೇ ಒಂದು ವಾಕ್ಯ ಹೇಳಿಕೊಂಡೆ. ಮೊದಲ ಒಂದು ಗಂಟೆ ತಲೆ ನೋಯುವಷ್ಟು ಕಷ್ಟವಾಯಿತು, ಆಮೇಲೆ ರೂಢಿಯಾಯಿತು. ನಿಧಾನ ಸ್ವಭಾವದವರು ರಿವರ್‌ನಲ್ಲಿ ತಾವಾಗಿಯೇ ದೊಡ್ಡದು ಹಾಕಿದ ನಾಲ್ಕು ಸಂದರ್ಭಗಳಲ್ಲಿ ಬೇರೆಯವರು ಕಾಲ್ ಮಾಡಿದ್ದರಿಂದ ಎಲೆ ನೋಡಲು ಸಿಕ್ಕಿತು. ನಾಲ್ಕರಲ್ಲೂ ಬಲವಾದ ಎಲೆಯೇ ಇತ್ತು. ನಾಲ್ಕು ಸಲ ಎಂಬುದು ಏನನ್ನೂ ಸಾಬೀತು ಮಾಡುವಷ್ಟಲ್ಲ ಎಂದು ಕುಮಟೆಯವರು ಹೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ.

ನನಗೂ ಒಂದು ಮಧ್ಯಮ ಕೈ ಬಂತು. ಡೈಮನ್ ಎಕ್ಕ ಮತ್ತು ಡೈಮನ್ ಹತ್ತು, ನಾನು ಬಟನ್‌ನಲ್ಲಿ. ಎದುರಿಗೆ ಮೂವತ್ತರ ಆಸುಪಾಸಿನ ಚುರುಕಾದ ವ್ಯಕ್ತಿ. ಆ ರಾತ್ರಿ ಎರಡು ಸಲ ತಪ್ಪಿದ ಎಲೆಯಿಂದ ಬೆಟ್ ಹಾಕಿ ಸಿಕ್ಕಿಬಿದ್ದಿದ್ದರು. ಫ್ಲಾಪ್‌ಗೆ ಪಾಟ್ 2,500. ಆಟೀನಿನ ಹತ್ತು, ಆಟೀನಿನ ಆರು, ಕಳಾವರ್ ಮೂರು. 1,500 ಹಾಕಿದೆ, ಕಾಲ್ ಮಾಡಿದರು. ಟರ್ನ್ ಕಳಾವರ್ ರಾಣಿ. ಹೊನ್ನಾವರದವರ ಮಾತು ನೆನಪಿಸಿಕೊಂಡು ಚೆಕ್ ಮಾಡಿದೆ. ರಿವರ್‌ನಲ್ಲಿ ಡೈಮನ್ ಮೂರು ಬಿತ್ತು, ಅವರು 5,500ರ ಪಾಟ್‌ಗೆ 2,500 ಹಾಕಿದರು. 2,500ವನ್ನು 10,500ರಿಂದ ಭಾಗಿಸಿದರೆ ಶೇಕಡಾ 24. ಆಟೀನಿಗೆ ಕಾದವರು, ಗುಲಾಮ-ಒಂಬತ್ತು ಹಿಡಿದು ಸಾಲಿಗೆ ಕಾದವರು ಎಲ್ಲರೂ ತಪ್ಪಿಸಿಕೊಂಡಿದ್ದರು. ಕಾಲ್ ಮಾಡಿದೆ. ಅವರು ಆಟೀನಿನ ರಾಣಿ ಮತ್ತು ಇಸ್ಪೀಟಿನ ಹತ್ತು ತೋರಿಸಿದರು. ಸೋತೆ. ಆದರೆ ಈ ಸಲ ಯಾವ ಕಾರಣಕ್ಕೆ ಕೊಟ್ಟೆ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಮಾಜಾಳಿ ತಲುಪುವವರೆಗೂ ದಾರಿಯಲ್ಲಿ ಅದೇ ಸಮಾಧಾನ. ನಿರ್ಧಾರ ಸರಿಯಿತ್ತೇ?

ಕುಮಟೆಯ ಲೆಕ್ಕ (ಕುಮಟಾ)

ಸರಿಯಿತ್ತು ಎಂದೇ ನನ್ನ ಅಂದಾಜು, ಆದರೆ ಎಣಿಸದೆ ಹೇಳುವುದಿಲ್ಲ. ರಾಣಿ-ಹತ್ತು ಎಂದರೆ ಉಳಿದ ಮೂರು ರಾಣಿ, ಉಳಿದ ಎರಡು ಹತ್ತು, ಒಟ್ಟು ಆರು ಬಗೆ. ಆರರ ಜೋಡಿ ಮೂರು ಬಗೆ. ಮೂರರ ಜೋಡಿ ಈಗ ಒಂದೇ ಬಗೆ, ಏಕೆಂದರೆ ಎರಡು ಮೂರುಗಳು ಮೇಜಿನ ಮೇಲೆಯೇ ಇವೆ. ಬರೀ ರಾಣಿ ಹಿಡಿದವರಲ್ಲಿ ಫ್ಲಾಪ್‌ನಲ್ಲಿ 1,500 ಕೊಟ್ಟು ಉಳಿಯುವವರು ಆಟೀನಿನ ರಾಣಿಯ ಜೊತೆ ಇನ್ನೊಂದು ಆಟೀನು ಇದ್ದವರು ಮಾತ್ರ. ಅವರಲ್ಲಿ ಎಷ್ಟು ಮಂದಿ 2,500 ಹಾಕುತ್ತಾರೆ ಎಂಬುದನ್ನು ಮೇಜಿನಲ್ಲಿದ್ದ ನೀವೇ ಅಂದಾಜಿಸಬೇಕು. ಇನ್ನು ತಪ್ಪಿದ ಆಟೀನಿನ ಜೋಡಿಗಳನ್ನು ಕಾಗದದ ಮೇಲೆ ಬರೆದು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ. ಬರೆಯುವಾಗ ನಿಮ್ಮ ಕೈಯಲ್ಲಿ ಎರಡೂ ಡೈಮನ್ ಇದ್ದವು, ಆಟೀನಿನ ಎಲೆ ಒಂದೂ ಇರಲಿಲ್ಲ ಎಂಬುದನ್ನು ಮರೆಯಬೇಡಿ.